ಬೀಜ ಭತ್ತದ ಗದ್ದೆಗೆ ಜಿಬ್ಬರೆಲಿನ್ ಕೊಡುವುದು ಹೇಗೆ

ಗಿಡವನ್ನು ಉದ್ದ ಬೆಳೆಸುವ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಭತ್ತಕ್ಕೆ ಹೊಡೆದರೆ ಇಳುವರಿ ಜಾಸ್ತಿ ಬರುತ್ತದಾ ಎಂದು ಕೇಳುವವರು ಬಹಳ ಜನ. ಊಟಕ್ಕೆ ಬೆಳೆಯುವ ಭತ್ತವಾದರೆ ಬೇಡ, ದುಡ್ಡು ದಂಡ. ಪೈರು ಸುಮ್ನೆ ಉದ್ದ ಹೋಗಿ ಗಾಳಿಗೆ ಮಲಗುತ್ತದೆ. ಹೈಬ್ರಿಡ್ ಬೀಜ ಮಾಡುವ ಗದ್ದೆಯಾದರೆ ಮಾತು ಬೇರೆ. ಅಲ್ಲಿ ಇದಿಲ್ಲದೆ ಕೆಲಸ ನಡೆಯುವುದೇ ಕಷ್ಟ. ಯಾಕೆ ಅಂತ ತಿಳಿದುಕೊಂಡರೆ ಎಷ್ಟು ಕೊಡಬೇಕು, ಯಾವ ದಿನ ಕೊಡಬೇಕು ಎನ್ನುವುದು ಅರ್ಧ ಬಗೆಹರಿದ ಹಾಗೆ.

ಮಂಡ್ಯ ಸೀಮೆಯಲ್ಲಿ ಬೀಜೋತ್ಪಾದನೆಯ ಗದ್ದೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೆಳೆಯುವವರು ರೈತರು. ಬೆರಕೆ (ಸಾಲಿನಲ್ಲಿ ಸೇರಿಕೊಂಡ ಬೇರೆ ಗಿಡ) ತೆಗೆಸುವುದು, ದಿನ ಗೊತ್ತು ಮಾಡುವುದು, ಔಷಧಿ ಕಲೆಸುವಾಗ ಪಕ್ಕದಲ್ಲಿ ನಿಲ್ಲುವುದು ನನ್ನ ಪಾಲಿಗೆ. ಇಲ್ಲಿ ಬರೆದಿರುವುದು ಹೊಸದಾಗಿ ಈ ಕೆಲಸಕ್ಕೆ ಇಳಿದವರಿಗೆ ನಾನು ಬದುವಿನ ಮೇಲೆ ನಿಂತು ಹೇಳುವ ಮಾತುಗಳು.

ತೆನೆ ಒಳಗೇ ಯಾಕೆ ಕೂರುತ್ತದೆ

ಭತ್ತದ ಒಂದೊಂದು ಹೂವಿನಲ್ಲೂ ಗಂಡು, ಹೆಣ್ಣು ಎರಡೂ ಇರುತ್ತವೆ. ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುತ್ತದೆ. ಎರಡು ತಳಿ ಬೆರೆಸಬೇಕಾದರೆ ಒಂದರಲ್ಲಿ ಪರಾಗವೇ ಇರಬಾರದು. ಅಂಥ ತಳಿಗೆ ನಾವು ಎ ಲೈನ್ ಅನ್ನುತ್ತೇವೆ, ಹೆಣ್ಣು ಸಾಲು ಅಂದರೂ ಅದೇ. ಪರಾಗ ಕೊಡುವುದು ಆರ್ ಲೈನ್, ಗಂಡು ಸಾಲು. 1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಯುವಾನ್ ಲಾಂಗ್‌ಪಿಂಗ್ ಅವರ ತಂಡಕ್ಕೆ ಪರಾಗ ಸತ್ತ ಒಂದು ಕಾಡು ಭತ್ತದ ಗಿಡ ಸಿಕ್ಕಿತು. ಇವತ್ತಿನ ಬಹುಪಾಲು ಎ ಲೈನ್‌ಗಳ ಮೂಲ ಆ ಗಿಡ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಮಾಡಿದ ಐಆರ್ 58025ಎ ಕೂಡ ಅದೇ ಬಳಗದ್ದು. ಅದಕ್ಕೆ ಕೆಎಂಆರ್ 3 ಎಂಬ ಗಂಡನ್ನು ಸೇರಿಸಿ ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಆರ್‌ಎಚ್ 2 ಎಂಬ ಹೈಬ್ರಿಡ್ ಮಾಡಿದರು. 1996ರಲ್ಲಿ ಅದು ಬಿಡುಗಡೆಯಾಯಿತು.

ಆ ಕಾಡು ಗಿಡದಿಂದ ಪರಾಗವಿಲ್ಲದ ಗುಣದ ಜೊತೆ ಒಂದು ತಾಪತ್ರಯವೂ ಬಂತು. ಎ ಲೈನ್‌ನ ತೆನೆ ಪೂರ್ತಿ ಹೊರಗೆ ಬರುವುದಿಲ್ಲ. ಬುಡದ ಕಾಳುಗಳು ಹೊಡೆಯ (ತೆನೆ ಸುತ್ತಿದ ಎಲೆಯ ಕವಚದ) ಒಳಗೇ ಉಳಿಯುತ್ತವೆ. ಒಳಗಿದ್ದ ಹೂವಿಗೆ ಪರಾಗ ಬೀಳುವುದು ಹೇಗೆ? ಅಷ್ಟೂ ಜಳ್ಳು. ಮೊದಲ ಸಲ ಈ ಬೆಳೆ ಹಾಕಿದ್ದ ಹಿರಿಯರೊಬ್ಬರು, "ಇದೇನವ್ವಾ, ತೆನೆ ಅರ್ಧ ಒಳಗೇ ಕುಂತದೆ? ನೀರು ಸಾಲ್ದಾ?" ಎಂದು ಕೇಳಿದ್ದರು. "ನೀರಲ್ಲ ಗೌಡ್ರೇ, ಹಾರ್ಮೋನ್ ಸಾಲದು" ಎಂದೆ. ತೆನೆಯನ್ನು ಹೊರಕ್ಕೆ ತಳ್ಳುವುದು ಅದರ ಕೆಳಗಿನ ಕೊನೆಯ ಗೆಣ್ಣಿನ ಕಾಂಡ. ಅದು ಉದ್ದವಾಗಲು ಜಿಬ್ಬರೆಲಿನ್ ಬೇಕು. ಎ ಲೈನ್‌ನಲ್ಲಿ ಆ ಕೊನೆಯ ಗೆಣ್ಣಿಗೆ ಜಿಬ್ಬರೆಲಿನ್ ಸಾಕಾಗುವುದಿಲ್ಲ. ನಾವು ಹೊರಗಿನಿಂದ ಕೊಡುವುದು ಆ ಕೊರತೆಯನ್ನಷ್ಟೇ. ಅದು ಗೊಬ್ಬರವೂ ಅಲ್ಲ, ಟಾನಿಕ್ಕೂ ಅಲ್ಲ. ಈ ಗದ್ದೆಯಲ್ಲಿ ನಾವು ಅದರಿಂದ ಕೇಳುವುದು ತೆನೆ ಹೊರಗೆ ತರುವ ಒಂದೇ ಕೆಲಸ.

ನಮ್ಮ ಪೈರು ಈಗಾಗಲೇ ಗಿಡ್ಡ ತಳಿಯದು, ಅದು ಈ ಹಾರ್ಮೋನಿನ ಮಾತು ಕೇಳುತ್ತದಾ ಎಂಬ ಪ್ರಶ್ನೆ ಕೃಷಿ ಓದುವ ಹುಡುಗರಿಂದ ಬರುತ್ತದೆ. ಒಳ್ಳೆಯ ಪ್ರಶ್ನೆ. 1966ರ ಐಆರ್ 8ರಿಂದ ಶುರುವಾಗಿ ನಮ್ಮ ಗಿಡ್ಡ ಭತ್ತಗಳಲ್ಲಿ ಹೆಚ್ಚಿನವು ಎಸ್‌ಡಿ1 ಎಂಬ ಜೀನ್‌ನಿಂದ ಗಿಡ್ಡಾದವು. 2002ರಲ್ಲಿ ಅದರ ಗುಟ್ಟು ಗೊತ್ತಾಯಿತು. ಜಿಬ್ಬರೆಲಿನ್ ತಯಾರಿಸುವ ದಾರಿಯಲ್ಲಿನ ಒಂದು ಕಿಣ್ವ ಆ ಗಿಡಗಳಲ್ಲಿ ಕೆಟ್ಟಿದೆ. ತಯಾರಿ ಕಡಿಮೆ, ಆದರೆ ಹಾರ್ಮೋನನ್ನು ಗುರುತಿಸುವ ವ್ಯವಸ್ಥೆ ಸರಿಯಾಗಿಯೇ ಇದೆ. ಹಾಗಾಗಿ ಹೊರಗಿನಿಂದ ಕೊಟ್ಟರೆ ಸರಸರ ಬೆಳೆಯುತ್ತದೆ. ಹಸಿರು ಕ್ರಾಂತಿಯ ಗಿಡ್ಡ ಗೋಧಿಯ ಕತೆ ಇದಕ್ಕೆ ತದ್ವಿರುದ್ಧ. ಅದರಲ್ಲಿ ಹಾರ್ಮೋನ್ ಇದ್ದರೂ ಗಿಡಕ್ಕೆ ಅದರ ಮಾತು ಕೇಳಿಸುವುದಿಲ್ಲ. ಎಷ್ಟು ಹೊಡೆದರೂ ಅಷ್ಟಕ್ಕಷ್ಟೇ.

ಯಾವ ಪುಡಿ, ಅದು ಅಸಲಿಯಾ

ಅಂಗಡಿಗೆ ಹೋಗಿ ಜಿಬ್ಬರೆಲಿಕ್ ಆಮ್ಲ ಕೊಡಿ ಅಂದರೆ ಸಾಮಾನ್ಯವಾಗಿ ಕೈಗಿಡುವುದು ಶೇ 0.001ರ ದ್ರಾವಣದ ಬಾಟಲಿ. ಲೆಕ್ಕ ಹಾಕಿ ನೋಡಿ. ಅದರಲ್ಲಿ ಲೀಟರಿಗೆ ಇರುವುದು 10 ಮಿಲಿಗ್ರಾಂ. ನಮ್ಮ ಬೀಜದ ಗದ್ದೆಗೆ ಹೆಕ್ಟೇರಿಗೆ 60 ಗ್ರಾಂ, ಅಂದರೆ ಎಕರೆಗೆ 24 ಗ್ರಾಂ ಬೇಕು. ಆ ಬಾಟಲಿಯಿಂದ ಅಷ್ಟನ್ನು ಕೊಡಬೇಕಾದರೆ 2,400 ಲೀಟರ್ ತರಬೇಕು! ಆದ್ದರಿಂದ ಲೇಬಲ್ ಮೇಲಿನ ಶೇಕಡಾ ಓದದೆ ಯಾವುದನ್ನೂ ಕೊಳ್ಳಬೇಡಿ. ಬೀಜೋತ್ಪಾದನೆಗೆ ಬೇಕಾದದ್ದು ಶೇ 90ರ ಪುಡಿ, ಜಿಎ3 ಎಂದು ಬರೆದಿರುತ್ತದೆ. ಸಾಮಾನ್ಯವಾಗಿ ಬೀಜ ಮಾಡಿಸುವವರೇ ತಂದುಕೊಡುತ್ತಾರೆ. ಶೇ 40ರ ನೀರಿನಲ್ಲಿ ಕರಗುವ ಹರಳೂ ಸಿಗುತ್ತದೆ. ವಿಜಯಪುರದ ಕಡೆ ಥಾಮ್ಸನ್ ದ್ರಾಕ್ಷಿ ಬೆಳೆಯುವವರಿಗೆ ಇಂಥ ಹಾರ್ಮೋನಿನ ಬಳಕೆ ಚೆನ್ನಾಗಿ ಗೊತ್ತು. ಬೀಜವಿಲ್ಲದ ಕಾಯಿ ದಪ್ಪವಾಗಲು ಅವರೂ ಕೊಡುವುದು ಜಿಬ್ಬರೆಲಿನ್ನನ್ನೇ.

ಪುಡಿ ಹಳೆಯದೋ, ಕಲಬೆರಕೆಯೋ ಎಂಬ ಅನುಮಾನ ಇದ್ದೇ ಇರುತ್ತದೆ. ಗದ್ದೆಗೆ ಹೊಡೆದು ನೋಡುವಷ್ಟು ಸಮಯ ನಮಗಿಲ್ಲ. ಇದನ್ನು ಪರೀಕ್ಷಿಸಲು ಲ್ಯಾಬ್ ಬೇಡ, ಭತ್ತದ ಸಸಿಯೇ ಸಾಕು. ಈ ಹಾರ್ಮೋನು ಜನರಿಗೆ ಗೊತ್ತಾದದ್ದೇ ಹಾಗೆ. ಜಪಾನಿನಲ್ಲಿ ಭತ್ತದ ಸಸಿ ಬಿಳಿಚಿಕೊಂಡು ವಿಪರೀತ ಉದ್ದ ಬೆಳೆದು ಸಾಯುವ ಒಂದು ರೋಗವಿತ್ತು. ನಮ್ಮ ಒಟ್ಲುಗಳಲ್ಲೂ, ಅಂದರೆ ಸಸಿಮಡಿಗಳಲ್ಲೂ, ಆಗಾಗ ಕಾಣುತ್ತದೆ. ಆಗ ಜಪಾನಿನ ಕೈಯಲ್ಲಿದ್ದ ತೈವಾನಿನಲ್ಲಿ ಎಯಿಚಿ ಕುರೊಸಾವಾ ಎಂಬವರು ರೋಗ ತರುವ ಶಿಲೀಂಧ್ರವನ್ನು ದ್ರವದಲ್ಲಿ ಬೆಳೆಸಿದರು. ಶಿಲೀಂಧ್ರವನ್ನು ಸೋಸಿ ತೆಗೆದು ಬರೀ ದ್ರವವನ್ನು ಸಸಿಗೆ ಕೊಟ್ಟರು. ಸಸಿ ಉದ್ದವಾಯಿತು. ಅದು 1926. ಟೋಕಿಯೊದ ತೆಯಿಜಿರೊ ಯಬುತಾ 1935ರಲ್ಲಿ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ನಿಮ್ಮ ಪೊಟ್ಟಣದಲ್ಲಿರುವ ಪುಡಿಯನ್ನು ಇವತ್ತಿಗೂ ತಯಾರಿಸುವುದು ಅದೇ ಶಿಲೀಂಧ್ರವನ್ನು ಬೆಳೆಸಿ. ರೋಗದ ಮದ್ದು ಅಂದರೆ ರೋಗಕ್ಕೆ ಕೊಡುವ ಮದ್ದು ಅಂದುಕೊಳ್ಳುತ್ತೇವೆ. ಇದು ರೋಗವೇ ಕೊಟ್ಟ ಮದ್ದು.

ಪರೀಕ್ಷೆ ಹೀಗೆ ಮಾಡಿ. ಗಿಡ್ಡ ತಳಿಯ ಭತ್ತ ತೆಗೆದುಕೊಳ್ಳಿ, ಐಆರ್ 64 ಅಥವಾ ಜಯ ಆದೀತು. ನೆನೆಸಿ ಮೊಳಕೆ ಬರಿಸಿ. ಎರಡು ಲೋಟದಲ್ಲಿ ಒದ್ದೆ ಹತ್ತಿ ಹಾಸಿ ಒಂದೊಂದರಲ್ಲೂ ಹತ್ತು ಹನ್ನೆರಡು ಮೊಳಕೆ ಇಡಿ. 1 ಗ್ರಾಂ ಪುಡಿಯನ್ನು 35 ಮಿ.ಲೀ. ಸ್ಪಿರಿಟ್‌ನಲ್ಲಿ ಕರಗಿಸಿ, ಅದರಿಂದ 1 ಮಿ.ಲೀ. ಮಾತ್ರ ಸಿರಿಂಜಿನಲ್ಲಿ ತೆಗೆದು ಎರಡೂವರೆ ಲೀಟರ್ ನೀರಿಗೆ ಹಾಕಿ. ಸುಮಾರು 10 ಪಿಪಿಎಂ, ಅಂದರೆ ಲೀಟರಿಗೆ 10 ಮಿಲಿಗ್ರಾಂ ಆಗುತ್ತದೆ. ಒಂದು ಲೋಟಕ್ಕೆ ಈ ನೀರು. ಇನ್ನೊಂದು ಲೋಟಕ್ಕೆ ಎರಡೂವರೆ ಲೀಟರಿಗೆ 1 ಮಿ.ಲೀ. ಬರೀ ಸ್ಪಿರಿಟ್ ಬೆರೆಸಿದ ನೀರು. ಸ್ಪಿರಿಟ್ ಯಾಕೆ ಅಂದರೆ, ಇಲ್ಲದಿದ್ದರೆ ಉದ್ದವಾದದ್ದು ಹಾರ್ಮೋನಿನಿಂದಲೋ ಸ್ಪಿರಿಟ್‌ನಿಂದಲೋ ಎಂಬ ವಾದ ಶುರುವಾಗುತ್ತದೆ. ಎರಡನ್ನೂ ಒಂದೇ ಕಿಟಕಿಯಲ್ಲಿ ಇಡಿ. ಒಂದಕ್ಕೆ ಬೆಳಕು ಕಡಿಮೆಯಾದರೆ ಅದು ಹೇಗೂ ಉದ್ದ ಹೋಗುತ್ತದೆ. ವಾರದಲ್ಲಿ ಎರಡನೇ ಎಲೆಯ ಬುಡದ ಕವಚವನ್ನು ಸ್ಕೇಲಿನಲ್ಲಿ ಅಳೆಯಿರಿ. ಪುಡಿ ಸರಿಯಿದ್ದರೆ ಅಳೆಯುವ ಮೊದಲೇ ಕಣ್ಣಿಗೆ ಕಾಣುತ್ತದೆ. ಶಾಲೆಯ ಮೇಷ್ಟ್ರುಗಳು ಇದನ್ನು ಮಕ್ಕಳ ಕೈಲಿ ಮಾಡಿಸಬಹುದು. ಪಕ್ಕದಲ್ಲಿ ಹಾರ್ಮೋನಿಲ್ಲದ ರಾಜಮುಡಿಯದೊಂದು ಲೋಟ ಇಟ್ಟರೆ, ಹುಟ್ಟಿನಿಂದಲೇ ಎತ್ತರದ ತಳಿ ಮತ್ತು ಹಾರ್ಮೋನ್ ಕುಡಿದ ಗಿಡ್ಡ ತಳಿ ಎರಡನ್ನೂ ಹೋಲಿಸಿ ನೋಡಬಹುದು.

ಹೊಡೆಯುವ ಮೊದಲು

ಬೀಜದ ಗದ್ದೆಯ ಸುತ್ತ 100 ಮೀಟರ್ ಒಳಗೆ ಬೇರೆ ಭತ್ತ ಹೂ ಬಿಡಬಾರದು. ನಮ್ಮ ನಾಲೆ ಬಯಲಿನಲ್ಲಿ ಇದೇ ದೊಡ್ಡ ಜಗಳದ ಮೂಲ, ನೆರೆಯವರನ್ನು ಒಟ್ಲು ಹಾಕುವ ಮುಂಚೆಯೇ ಮಾತಾಡಿಸಿ. ಸಾಲು ಎರಡು ಗಂಡಿಗೆ ಎಂಟು ಹೆಣ್ಣು. ಎರಡೂ ಒಟ್ಟಿಗೆ ಹೂ ಬಿಡಬೇಕು, ಅದಕ್ಕೆ ತಡವಾಗಿ ಬರುವುದನ್ನು ಮೊದಲು ಬಿತ್ತುತ್ತೇವೆ. ಎಷ್ಟು ದಿನ ಮೊದಲು ಎಂಬುದನ್ನು ಬೀಜ ಕೊಟ್ಟವರು ಹೇಳುತ್ತಾರೆ. ಹೂ ಬರುವುದಕ್ಕೆ ತಿಂಗಳು ಮುಂಚಿನಿಂದ ಎರಡೂ ಸಾಲಿನ ದೊಡ್ಡ ತೆಂಡೆ (ಬುಡದಿಂದ ಒಡೆದ ಕವಲು) ಸೀಳಿ ಒಳಗಿನ ಎಳೆ ತೆನೆ ನೋಡುತ್ತಿರಿ. ಒಂದು ಮುಂದೆ ಓಡುತ್ತಿದ್ದರೆ ಅದನ್ನು ತಡೆಯಲು ಸ್ವಲ್ಪ ಯೂರಿಯಾ, ಹಿಂದೆ ಬಿದ್ದದ್ದನ್ನು ಮುಂದೆ ತರಲು ಡಿಎಪಿ ಗೊಬ್ಬರ. ಕೆಲವು ದಿನ ಸರಿದೂಗುತ್ತದೆ, ಪೂರ್ತಿ ಅಲ್ಲ.

ಬೆರಕೆ ತೆಗೆಯುವುದನ್ನು ಮಾತ್ರ ಹಾರ್ಮೋನ್ ಹೊಡೆಯುವ ಮೊದಲೇ ಒಂದು ಸುತ್ತು ಮುಗಿಸಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹೆಣ್ಣು ಸಾಲಿನಲ್ಲಿ ಬಿ ಲೈನ್ ಗಿಡ ಸೇರಿರುತ್ತದೆ. ಎ ಲೈನನ್ನು ಪ್ರತಿ ವರ್ಷ ಮುಂದುವರಿಸಲು ಬಳಸುವ ಗಿಡ ಅದು, ನೋಡಲು ಅವಳಿ, ಆದರೆ ಪರಾಗ ಇರುತ್ತದೆ. ಅದು ಉಳಿದರೆ ನಿಮ್ಮ ಹೈಬ್ರಿಡ್ ಬೀಜ ಹೈಬ್ರಿಡ್ ಅಲ್ಲ. ಅದನ್ನು ಗುರುತಿಸುವ ಸುಲಭದ ದಾರಿ ಒಂದೇ. ಬಿ ಲೈನ್ ಎರಡು ಮೂರು ದಿನ ಮೊದಲೇ ತೆನೆ ಬಿಡುತ್ತದೆ, ಅದರ ತೆನೆ ಪೂರ್ತಿ ಹೊರಗಿರುತ್ತದೆ. ಜಿಬ್ಬರೆಲಿನ್ ಹೊಡೆದ ಮೇಲೆ ಎಲ್ಲ ತೆನೆಯೂ ಹೊರಗೆ ಬರುತ್ತದೆ, ಗುರುತು ಅಳಿಸಿಹೋಯಿತು! ಆಮೇಲೆ ಉಳಿಯುವುದು ಹೂ ಬಿಡಿಸಿ ನೋಡುವ ದಾರಿ. ಪರಾಗದ ಚೀಲ ಹಳದಿಯಾಗಿ ಉಬ್ಬಿದ್ದರೆ ಬಿ, ಬಿಳಿಚಿಕೊಂಡು ಮುದುರಿದ್ದರೆ ಎ. ಬಿಸಿಲಲ್ಲಿ ಬಗ್ಗಿ ಅದನ್ನು ನೋಡುತ್ತಾ ಹೋಗುವ ಹೆಣ್ಣುಮಕ್ಕಳ ಸೊಂಟಕ್ಕೆ ಕೇಳಿ, ಮೊದಲೇ ತೆಗೆಯುವುದು ಯಾಕೆ ಒಳ್ಳೆಯದೆಂದು.

ಕೊನೆ ಎಲೆಯ ತುದಿ ಕತ್ತರಿಸುವ ಪದ್ಧತಿಯೂ ಇದೆ, ಪರಾಗ ಹಾರಿ ಬರಲು ಅಡ್ಡಿಯಾಗದಿರಲಿ ಎಂದು. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಜಿಬ್ಬರೆಲಿನ್ ಸರಿಯಾಗಿ ಕೊಟ್ಟರೆ ತೆನೆಯೇ ಎಲೆಯ ಮೇಲೆ ಬರುತ್ತದೆ. ಕಾಳಿಗೆ ಹಾಲು ತುಂಬುವ ಎಲೆಯನ್ನು ಕತ್ತರಿಸಿ ಏನು ಲಾಭ? ಗದ್ದೆಯಲ್ಲಿ ದುಂಡಾಣು ಎಲೆ ರೋಗವಿದ್ದರಂತೂ ಕುಡುಗೋಲು ಮುಟ್ಟಿಸಲೇಬೇಡಿ. ಒಂದು ಎಲೆಯ ರೋಗ ಇಡೀ ಸಾಲಿಗೆ ಹರಡುತ್ತದೆ.

ದಿನ ಗೊತ್ತು ಮಾಡುವುದು

ನಾಟಿಯಾಗಿ ಎಷ್ಟು ದಿನವಾಯಿತು ಎಂದು ಕ್ಯಾಲೆಂಡರ್ ನೋಡಿ ಹೊಡೆಯುವವರಿದ್ದಾರೆ. ಬೇಡ. ಮೋಡ, ನೀರು, ಗೊಬ್ಬರ ಎಲ್ಲವೂ ದಿನವನ್ನು ಹಿಂದೆ ಮುಂದೆ ಮಾಡುತ್ತವೆ. ಪೈರನ್ನೇ ಎಣಿಸಿ. ಬದುವಿನ ಅಂಚು ಬಿಟ್ಟು ಒಳಗೆ ನಾಲ್ಕೈದು ಕಡೆ ನಿಲ್ಲಿ. ಹೆಣ್ಣು ಸಾಲಿನಲ್ಲಿ ತೆನೆ ಕಟ್ಟುವ ತೆಂಡೆಗಳನ್ನು ಎಣಿಸಿ. ನೂರರಲ್ಲಿ ಐದರಿಂದ ಹತ್ತು ತೆಂಡೆಗಳಲ್ಲಿ ತೆನೆಯ ಮೂತಿ ಹೊರಗೆ ಇಣುಕಿದ್ದರೆ ಅದೇ ಮೊದಲ ದಿನ. ಮರುದಿನ ಅದೇ ಹೊತ್ತಿಗೆ ಎರಡನೆಯದು.

ಆತುರಪಟ್ಟು ಬೇಗ ಹೊಡೆದರೆ ಕೆಳಗಿನ ಗೆಣ್ಣುಗಳು ಉದ್ದವಾಗುತ್ತವೆ. ಪೈರು ಎತ್ತರ ಹೋಗುತ್ತದೆ, ತೆನೆ ಒಳಗೇ ಇರುತ್ತದೆ, ಮೊದಲ ಗಾಳಿಗೇ ಮಲಗುತ್ತದೆ. ತಡಮಾಡಿದರೆ ಕೊನೆಯ ಗೆಣ್ಣು ಬಲಿತಿರುತ್ತದೆ, ಎಷ್ಟು ಕೊಟ್ಟರೂ ಬಗ್ಗುವುದಿಲ್ಲ. ನಾಳೆ ನೆಂಟರ ಮದುವೆ ಇದೆ, ನಾಡಿದ್ದು ಹೊಡೆಯೋಣ ಎನ್ನುವವರ ಮನೆಗೆ ನಾನೇ ಹೋಗಿ ಜಗಳ ಆಡಿದ್ದೇನೆ.

ಕಲೆಸುವುದು, ಹೊಡೆಯುವುದು

ಪುಡಿ ನೇರ ನೀರಿಗೆ ಹಾಕಿದರೆ ಸರಿಯಾಗಿ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ಮೊದಲು ಸ್ಪಿರಿಟ್‌ನಲ್ಲಿ ಕರಗಿಸಬೇಕು. ಮೆಡಿಕಲ್ ಅಂಗಡಿಯ ಸ್ಪಿರಿಟ್ ಆದೀತು. ಹತ್ತಿರದಲ್ಲಿ ಬೀಡಿ ಸೇದಬೇಡಿ, ಇದನ್ನು ಗಂಡಸರಿಗೆ ಎರಡು ಸಲ ಹೇಳಬೇಕಾಗುತ್ತದೆ.

ಎಕರೆಯ 24 ಗ್ರಾಮನ್ನು ಸಮವಾಗಿ ಹಂಚುವುದಿಲ್ಲ. ಮೊದಲ ದಿನ ನೂರಕ್ಕೆ 40 ಪಾಲು, ಎರಡನೇ ದಿನ 60 ಪಾಲು. ಶೇ 90ರ ಪುಡಿಯಾದರೆ ಮೊದಲ ದಿನ 10.7 ಗ್ರಾಂ, ಎರಡನೇ ದಿನ 16 ಗ್ರಾಂ. ಚಿನ್ನದಂಗಡಿಯವರ ತಕ್ಕಡಿ ಥರದ ಸಣ್ಣ ಡಿಜಿಟಲ್ ತಕ್ಕಡಿ ಬೇಕು, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಕರೆಗೆ ದಿನಕ್ಕೆ 200 ಲೀಟರ್ ನೀರು ಹಿಡಿಯಿರಿ. 16 ಲೀಟರ್ ಕ್ಯಾನ್‌ನಲ್ಲಿ ಹನ್ನೆರಡೂವರೆ ಕ್ಯಾನ್.

ಮೊದಲ ದಿನದ ಪುಡಿಯನ್ನು ಕರಗಿಸಿ ಸ್ಪಿರಿಟ್ ಸೇರಿಸುತ್ತಾ 375 ಮಿ.ಲೀ. ಮಾಡಿ, ಕ್ಯಾನ್‌ಗೆ 30 ಮಿ.ಲೀ. ಹಾಕಿ. ಎರಡನೇ ದಿನದ್ದನ್ನು 500 ಮಿ.ಲೀ. ಮಾಡಿ, ಕ್ಯಾನ್‌ಗೆ 40 ಮಿ.ಲೀ. ಕೊನೆಯ ಅರ್ಧ ಕ್ಯಾನ್‌ಗೆ ಅರ್ಧ. ಕ್ಯಾನ್‌ಗೆ ಮುಕ್ಕಾಲು ನೀರು ತುಂಬಿದ ಮೇಲೆ ಇದನ್ನು ಹಾಕಿ ಕಲಕಿ, ಆಮೇಲೆ ಉಳಿದ ನೀರು. ಅಂಟು ದ್ರಾವಣ ಒಂದಿಷ್ಟು ಹನಿ ಹಾಕಬಹುದು. ಕೀಟನಾಶಕ ಜೊತೆಗೆ ಬೇಡ. ನೀರು ಕ್ಷಾರವಾದರೆ ಜಿಬ್ಬರೆಲಿನ್ ಬೇಗ ಕೆಡುತ್ತದೆ. ಬೋರ್‌ವೆಲ್ ನೀರು ಸವುಳಾಗಿದ್ದರೆ ನಾಲೆಯ ನೀರು ತನ್ನಿ. ಕಲೆಸಿದ್ದನ್ನು ನಾಳೆಗೆ ಇಡಬೇಡಿ.

ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹತ್ತು ಗಂಟೆಯೊಳಗೆ, ಇಲ್ಲವೇ ಸಂಜೆ ನಾಲ್ಕರ ನಂತರ ಹೊಡೆಯಿರಿ. ಸಣ್ಣ ಹನಿಯ ನಾಜಲ್ ಇರಲಿ. ಎಲೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದದ್ದು ನಿಮ್ಮ ದುಡ್ಡು. ಮೇಲಿನ ಎಲೆ, ಹೊಡೆಯ ಭಾಗ ಒದ್ದೆಯಾದರೆ ಸಾಕು. ಗಂಡು ಸಾಲಿಗೂ ಕೊಡಿ. ಗಂಡು ಹೆಣ್ಣಿಗಿಂತ ಎತ್ತರ ಇದ್ದರೆ ಪರಾಗ ಮೇಲಿನಿಂದ ಬೀಳುತ್ತದೆ. ಗಂಡು ಗಿಡ್ಡಾಗಿದ್ದರೆ ಅದಕ್ಕೆ ಇನ್ನೊಂದು ಕೈ ಜಾಸ್ತಿ. ಗದ್ದೆಯಲ್ಲಿ ನೀರು ನಿಂತಿರಲಿ, ಬಾಯಾರಿದ ಪೈರಿಗೆ ಕೊಟ್ಟು ಉಪಯೋಗವಿಲ್ಲ. ಹೊಡೆದ ಸ್ವಲ್ಪ ಹೊತ್ತಿಗೇ ಮಳೆ ಬಂದರೆ ಮತ್ತೆ ಕೊಡಬೇಕಾಗುತ್ತದೆ. ಒಂದು ದಿನದ ಪಾಲಿನಷ್ಟು ಪುಡಿ ಕೈಯಲ್ಲಿ ಉಳಿಸಿಕೊಂಡೇ ಶುರು ಮಾಡಿ.

ಮೇಲಿನ ಅಳತೆ ಐಆರ್ 58025ಎ ಥರದ ಸಾಲಿಗೆ. ಬೇರೆ ಎ ಲೈನ್‌ಗಳಿಗೆ ಹೆಚ್ಚು ಕಡಿಮೆ ಇರುತ್ತದೆ, ಬೀಜ ಕೊಟ್ಟವರ ಚೀಟಿಯಲ್ಲಿರುವ ಅಂಕಿಯೇ ನಡೆಯಬೇಕು. ಚೀನಾದಲ್ಲಿ ನಮಗಿಂತ ಎಷ್ಟೋ ಪಾಲು ಹೆಚ್ಚು ಕೊಡುತ್ತಾರೆ. ಈ ಖರ್ಚು ತಪ್ಪಿಸುವ ದಾರಿಯನ್ನೂ ಸಂಶೋಧಕರು ಹುಡುಕಿದ್ದಾರೆ. ಕೊನೆಯ ಗೆಣ್ಣು ಮಾತ್ರ ಉದ್ದವಾಗುವ ಒಂದು ಭತ್ತದ ಗಿಡವನ್ನು 1981ರಲ್ಲಿ ಅಮೆರಿಕದ ರಟ್ಜರ್ ಮತ್ತು ಕಾರ್ನಹಾನ್ ವರದಿ ಮಾಡಿದರು. ಆ ಗುಣದ ಹಿಂದಿರುವ ಇಯುಐ ಎಂಬ ಜೀನ್ ಸರಿಯಿದ್ದಾಗ ಜಿಬ್ಬರೆಲಿನ್ನನ್ನು ನಿಷ್ಕ್ರಿಯ ಮಾಡುವ ಕಿಣ್ವ ಕೊಡುತ್ತದೆ ಎಂದು 2006ರಲ್ಲಿ ತಿಳಿಯಿತು. ಅದು ಕೆಟ್ಟರೆ ಹಾರ್ಮೋನು ಅಲ್ಲೇ ಉಳಿದು ತೆನೆ ತಾನಾಗಿ ಹೊರಗೆ ಬರುತ್ತದೆ. ಎ ಲೈನ್‌ಗೆ ಅದನ್ನು ಸೇರಿಸಿದರೆ ಪುಡಿ ಬಹಳ ಕಡಿಮೆ ಸಾಕು. ನಮ್ಮ ಬಯಲಿಗೆ ಅಂಥದ್ದು ಬಂದರೆ ನನಗೆ ಎರಡು ದಿನದ ನಿದ್ದೆ ಉಳಿಯುತ್ತದೆ.

ಕಾಳಿನ ಸಂಖ್ಯೆ ಹೆಚ್ಚಿಸುವ ಹಾರ್ಮೋನೇ ಬೇಕು ಅನ್ನುವವರಿಗೆ ಒಂದು ಮಾತು. ಅದು ಸೈಟೊಕೈನಿನ್, ಬೇರೆಯೇ. ಅದನ್ನು ಒಡೆಯುವ ಕಿಣ್ವ ಕಡಿಮೆಯಾದ ಭತ್ತದಲ್ಲಿ ತೆನೆಗೆ ಕಾಳು ಹೆಚ್ಚೆಂದು ಜಪಾನಿನವರು 2005ರಲ್ಲಿ ತೋರಿಸಿದರು. ಅಲ್ಲಿ ಕೆಲಸ ಮಾಡಿದ್ದು ತಳಿಯೊಳಗಿನ ಜೀನ್, ಕ್ಯಾನ್‌ನಲ್ಲಿ ಹೊಡೆದ ಔಷಧಿಯಲ್ಲ.

ಹೂ ಬಿಟ್ಟ ಮೇಲೆ

ತೆನೆ ಹೊರಗೆ ಬಂದರಷ್ಟೇ ಸಾಲದು, ಪರಾಗ ಬೀಳಬೇಕು. ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಹೂ ಬಿಚ್ಚುವ ಹೊತ್ತು. ಇಬ್ಬರು ಹಗ್ಗದ ಎರಡು ತುದಿ ಹಿಡಿದು ಗಂಡು ಸಾಲಿನ ಮೇಲೆ ಎಳೆಯುತ್ತಾ ಹೋಗಬೇಕು, ಅಥವಾ ಬಿದಿರು ಕೋಲಿನಿಂದ ಅಲುಗಿಸಬೇಕು. ಅರ್ಧ ಗಂಟೆಗೊಮ್ಮೆ, ದಿನಕ್ಕೆ ಮೂರು ನಾಲ್ಕು ಸಲ, ಏಳರಿಂದ ಹತ್ತು ದಿನ. ಜೋರು ಗಾಳಿಯಿದ್ದರೆ ಬೇಡ, ಪರಾಗ ಪಕ್ಕದ ಗದ್ದೆಗೆ ಹೋಗುತ್ತದೆ. ಬಿಸಿಲಿನಲ್ಲಿ ಹಗ್ಗ ಎಳೆದಾಗ ಹಳದಿ ಧೂಳು ಎದ್ದು ಹೆಣ್ಣು ಸಾಲಿನ ಮೇಲೆ ಇಳಿಯುವುದನ್ನು ನೋಡಬೇಕು. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಅದು.

ಕೊನೆಯ ಕಂಟಕ ಕೊಯ್ಲಿನ ಹೊತ್ತಿನ ಮಳೆ. ಜಿಬ್ಬರೆಲಿನ್ ಬೀಜಕ್ಕೆ ಮೊಳೆಯಲು ಹೇಳುವ ಹಾರ್ಮೋನೂ ಹೌದು. ಅದನ್ನು ಕುಡಿದ ಪೈರು ಮಲಗಿ, ಮೇಲೆ ಮಳೆ ಬಿದ್ದರೆ, ತೆನೆಯಲ್ಲೇ ಮೊಳಕೆ ಬರುತ್ತದೆ. ಅಕ್ಕಿ ಮಾಡುವ ಭತ್ತವಾದರೆ ಹೇಗೋ ಮಾರಬಹುದು, ಮೊಳೆತ ಬೀಜವನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೇ ಹೊಡೆ ಕಟ್ಟಿದ ಮೇಲೆ ಯೂರಿಯಾ ಕೈ ಬಿಗಿ ಹಿಡಿಯಿರಿ, ಕಾಳು ಬಲಿತಾಗ ನೀರು ಬಸಿಯಿರಿ. ಮಲಗಿದ ಜಾಗವಿದ್ದರೆ ತೆನೆ ನೆಲಕ್ಕೆ ತಾಗದಂತೆ ಕಟ್ಟಿ ನಿಲ್ಲಿಸಿ.

ಕೊಯ್ಲಿಗೆ ಗಂಡು ಸಾಲು ಮೊದಲು. ಕೊಯ್ದು, ಬಿದ್ದ ತೆನೆ ಆಯ್ದು, ಗದ್ದೆಯಿಂದ ಆಚೆ ಸಾಗಿಸಿದ ಮೇಲೆಯೇ ಹೆಣ್ಣು ಸಾಲಿಗೆ ಕುಡುಗೋಲು. ಕಣವೂ ಬೇರೆ, ಚೀಲವೂ ಬೇರೆ. ಬೀಜದ ತೇವ ಶೇ 13ಕ್ಕೆ ಇಳಿಯುವವರೆಗೆ ಒಣಗಿಸಿ. ಎಕರೆಗೆ ಆರರಿಂದ ಎಂಟು ಕ್ವಿಂಟಾಲ್ ಬೀಜ ಬಂದರೆ ಒಳ್ಳೆಯ ಬೆಳೆ. ಗಂಡು ಸಾಲಿನ ಭತ್ತ ನಿಮ್ಮದೇ, ಮಿಲ್ಲಿಗೆ ಹಾಕಿಸಿ ಊಟಕ್ಕೆ ಇಟ್ಟುಕೊಳ್ಳಿ.